ಕೈಪಿಡಿಯಲ್ಲಿ ಬೇರೆಯವರ ಹೆಸರು

ಅನೇಕ ಕಂಪ್ಯೂಟರುಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಓಪನ್ ಸೋರ್ಸ್ ತಂತ್ರಾಂಶ ಕುಬರ್ನೆಟಿಸ್. ಕಲಿಯಲೆಂದು ಮೊದಲ ಸಲ ಅದನ್ನು ಮನೆಯಲ್ಲಿ ಹಾಕಿಕೊಂಡಾಗ, ಮಧ್ಯರಾತ್ರಿಯಾದರೂ ಕೋರ್‌ಡಿಎನ್‌ಎಸ್ ‘ಪೆಂಡಿಂಗ್’ ಎಂದೇ ತೋರಿಸುತ್ತಿತ್ತು. ತಪ್ಪು ನನ್ನದೇ. ನೆಟ್‌ವರ್ಕ್ ಪ್ಲಗಿನ್ ಜೊತೆಗೆ ಬರುವುದಿಲ್ಲ, ಬೇರೆಯವರದನ್ನು ತಂದು ಹಾಕಬೇಕು ಎಂಬುದನ್ನು ಅವಸರದಲ್ಲಿ ಓದಿರಲಿಲ್ಲ. ಕ್ಯಾಲಿಕೋ, ಸಿಲಿಯಂ, ಫ್ಲಾನೆಲ್ ಎಂಬ ಹೆಸರುಗಳು ಕೈಪಿಡಿಯಲ್ಲೇ ಇದ್ದವು. ಒಂದನ್ನು ಹಾಕಿದೆ, ಕೆಲಸವಾಯಿತು.

ಹೊರಗಿನವರ ಹೆಸರು ಕೈಪಿಡಿಯಲ್ಲಿ ಬೇಡ ಎನ್ನುವವರ ಮಾತಲ್ಲೂ ಹುರುಳಿದೆ. ಹೆಸರು ಹಾಕಿದರೆ ಶಿಫಾರಸು ಮಾಡಿದಂತೆ. ಒಬ್ಬರದು ಹಾಕಿದರೆ ಇನ್ನೊಬ್ಬರು ‘ನಮ್ಮದೂ ಇರಲಿ’ ಅನ್ನುತ್ತಾರೆ. ನಾಳೆ ಆ ತಂತ್ರಾಂಶ ನಿಂತುಹೋದರೆ ಪುಟ ತಿದ್ದುವ ಕೆಲಸ ಸ್ವಯಂಸೇವಕರ ತಲೆಗೇ ಬರುತ್ತದೆ.

ಕುಬರ್ನೆಟಿಸ್‌ನವರ ನಿಯಮ ನನಗೆ ಸರಿ ಅನಿಸಿದೆ. ಕೆಲಸ ನಡೆಯಲು ಬೇಕೇಬೇಕಾದರೆ ಮಾತ್ರ ಹೊರಗಿನ ಓಪನ್ ಸೋರ್ಸ್ ತಂತ್ರಾಂಶದ ಹೆಸರು ಹೇಳುತ್ತಾರೆ. ಪಟ್ಟಿ ಅಕ್ಷರಾನುಕ್ರಮದಲ್ಲಿರುತ್ತದೆ. ‘ಇವಕ್ಕೆ ನಾವು ಹೊಣೆಯಲ್ಲ’ ಎಂದೂ ಬರೆದಿರುತ್ತಾರೆ.

ಇದು ಗೊತ್ತಿದ್ದೂ ನಮ್ಮ ಕನ್ನಡ ತರಗತಿಯಲ್ಲಿ ನಾನೇ ಎಡವಿದೆ. ‘ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿ’ ಎಂದು ಹೋಂವರ್ಕ್ ಕೊಟ್ಟೆ. ಯಾವುದರಲ್ಲಿ ಟೈಪ್ ಮಾಡುವುದೆಂದು ಹೇಳಲಿಲ್ಲ. ಯಾರ ಪರವೂ ವಹಿಸುವುದು ಬೇಡ ಅಂದುಕೊಂಡಿದ್ದೆ. ಮುಂದಿನ ಭಾನುವಾರ ಒಬ್ಬ ಹುಡುಗ, “ಟೀಚರ್, ನನ್ನ ಫೋನಲ್ಲಿ ಕನ್ನಡ ಇಲ್ಲ” ಅಂದ. ಅಜ್ಜಿಗೆ ಕಾಗದ ಹೋಗಲೇ ಇಲ್ಲ.

ಈಗ ಹೋಂವರ್ಕ್ ಚೀಟಿಯ ಕೆಳಗೆ ಮೂರು ಹೆಸರು ಬರೆಯುತ್ತೇನೆ: ಜಿಬೋರ್ಡ್, ನುಡಿ, ಬರಹ. ಅಕ್ಷರಾನುಕ್ರಮದಲ್ಲೇ!