ಮುಳುಗಿದ ಊರಿನ ಬಾಬ್ತು

ದಾನ ಕೊಟ್ಟವರ ಹೆಸರಿಲ್ಲದ ವಸ್ತು ನಮ್ಮಲ್ಲಿ ಅಪರೂಪ. ಶಾಲೆಯ ಬೀರು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು, ಕಲ್ಯಾಣಮಂಟಪದ ಫ್ಯಾನು, ಎಲ್ಲದರ ಮೇಲೂ ಯಾರದೋ ಸ್ಮರಣೆ. ಫ್ಯಾನಿನ ರೆಕ್ಕೆಯ ಮೇಲಿನ ಹೆಸರನ್ನಂತೂ ಕರೆಂಟು ಹೋದಾಗ ಮಾತ್ರ ಓದಬಹುದು. ಆದರೆ ನಕಾಶೆಗೆಂದು ದುಡ್ಡು ಕೊಟ್ಟವರನ್ನು ನಾನು ಕಂಡಿರಲಿಲ್ಲ. ಕೊನೆಗೆ ಕೊಟ್ಟವನು ನಾನೇ, ಕೊಡಿಸಿದವಳು ಅಮ್ಮ.

ಅಮ್ಮನ ತವರು ಸೂಪಾ. ಕಾಳಿ ನದಿಗೆ ಪಾಂಡ್ರಿ ಬಂದು ಸೇರುವಲ್ಲಿದ್ದ ಪೇಟೆ, ಒಂದು ಕಾಲದ ತಾಲ್ಲೂಕು ಕೇಂದ್ರ. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, ಊರು ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ, ಜನ ರಾಮನಗರಕ್ಕೆ ಮತ್ತು ಎಲ್ಲೆಲ್ಲಿಗೋ. ಈಗಿನ ಮೊಬೈಲ್ ನಕಾಶೆ ತೆರೆದರೆ ಅಲ್ಲಿ ಬರೀ ನೀಲಿ.

ಹುಡುಕುತ್ತ ಹೋದಾಗ ಊರು ಸಿಕ್ಕಿದ್ದು ಅಮೆರಿಕದ ಟೆಕ್ಸಾಸಿನಲ್ಲಿ! ಆಸ್ಟಿನ್ ನಗರದ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೇಡಾ ಗ್ರಂಥಾಲಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ನಕಾಶೆಗಳಿವೆ. ಅದರಲ್ಲೊಂದು ಕಟ್ಟು ಅಮೆರಿಕದ ಸೇನೆಯ ನಕಾಶೆ ವಿಭಾಗ 1950ರ ದಶಕದಲ್ಲಿ ಭಾರತಕ್ಕೆಂದು ಮಾಡಿದ್ದು. ನಮ್ಮದೇ ಸರ್ವೇ ಆಫ್ ಇಂಡಿಯಾದ ಹಾಳೆಗಳನ್ನು ಆಧರಿಸಿ ತಯಾರಾದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ತನ್ನ ನಕಾಶೆಗಳನ್ನು ಅಲ್ಲಿನ ಗ್ರಂಥಾಲಯಗಳಿಗೆ ಪುಕ್ಕಟೆಯಾಗಿ ಹಂಚಿತ್ತು. ಪರದೇಶದ ಸಿಪಾಯಿಗಳಿಗಾಗಿ ಅಚ್ಚಾದ ಕಾಗದ ನಮ್ಮಜ್ಜನ ಊರನ್ನು ಕಾದಿಟ್ಟಿತು ಎಂದರೆ ನಗಬೇಕೋ ಅಳಬೇಕೋ.

ಹಾಳೆಯನ್ನು ಪರದೆಯ ಮೇಲೆ ಹಿಗ್ಗಿಸಿದೆ. ಗುಡ್ಡಗಳ ಕಂದು ಗೆರೆಗಳು ಒತ್ತೊತ್ತಾಗಿ ಇಳಿದುಬಂದು, ನಡುವೆ ತೆಳ್ಳಗೆ ಕಾಳಿ. ಹೊಳೆಯ ಮಗ್ಗುಲಲ್ಲೇ ‘ಸೂಪಾ’ ಎಂದು ಇಂಗ್ಲಿಷಿನ ಸಣ್ಣ ಅಕ್ಷರ. ಅಮ್ಮ ಕನ್ನಡಕ ಸರಿಮಾಡಿಕೊಂಡು, “ನಮ್ಮ ಮನೆ ಎಲ್ಲಿ?” ಎಂದಳು. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರಿನ ಅಳತೆಯಲ್ಲಿ ಮನೆ ಎಲ್ಲಿಂದ ಬರಬೇಕು? ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ ಹೊಳೆಯ ತಿರುವಿನ ಮೇಲೆ ಬೆರಳಿಟ್ಟು, “ಇಲ್ಲೇ, ಇಲ್ಲಿಂದಲೇ ನೀರಿಗಿಳಿಯೋದು” ಎಂದಳು. ಆಮೇಲೆ ಕೇಳಿದ್ದು: “ಇಷ್ಟು ಜೋಪಾನ ಮಾಡಿದ್ದಾರಲ್ಲ, ಅವರಿಗೆ ಏನಾದ್ರೂ ಕೊಟ್ಟಿಯೇನೋ?”

ಕೊಡಬೇಕಾಗಿಯೇನೂ ಇರಲಿಲ್ಲ. ಅಲ್ಲಿನ ಹೆಚ್ಚಿನ ನಕಾಶೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಪ್ಪಣೆ ಬೇಡ. ಆದರೆ ಪುಕ್ಕಟೆ ಸಿಗುವುದಕ್ಕೂ ಯಾರೋ ಖರ್ಚು ಹಾಕಿರುತ್ತಾರೆ. ಮಡಚಿದ ನಕಾಶೆ ಮಡಿಕೆಯಲ್ಲೇ ಹರಿಯುತ್ತದೆ. ಹರಿದಲ್ಲಿಗೆ ಹಿಂಬದಿಯಿಂದ ತೆಳು ಜಪಾನಿ ಕಾಗದವನ್ನು ಗೋಧಿಗಂಜಿಯ ಅಂಟಿನಲ್ಲಿ ಕೂರಿಸಬೇಕು, ತೂಕ ಹೇರಿ ಒಣಗಿಸಬೇಕು. ಮಲಗಿಸಿಡಲು ಅಗಲದ ಡ್ರಾಯರು, ಸ್ಕ್ಯಾನ್ ಮಾಡಲು ಹಾಸಿಗೆಯಷ್ಟು ದೊಡ್ಡ ಯಂತ್ರ, ಹೆಸರು-ಇಸವಿ ಬರೆದಿಡಲು ತಾಳ್ಮೆಯ ಮನುಷ್ಯರು. ಇಂಥ ಕೆಲಸಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ. ಆದ್ದರಿಂದ ದಾನಿಗಳೂ ಕಡಿಮೆ.

ಹಿಂದೆ ಉದಾರಿಗಳಿದ್ದರು. ಹ್ಯಾಂಬರ್ಗಿನ ಎಬೆಲಿಂಗ್ ಎಂಬ ಪಂಡಿತ ಅಮೆರಿಕಕ್ಕೆ ಕಾಲಿಡದೆಯೇ ಅಮೆರಿಕದ ಚರಿತ್ರೆ ಬರೆದ, ಅದಕ್ಕಾಗಿ ಸಾವಿರಾರು ನಕಾಶೆ ಕೂಡಿಹಾಕಿದ. ಅವನು ತೀರಿಕೊಂಡ ಮೇಲೆ ಅಷ್ಟನ್ನೂ ಬಾಸ್ಟನ್ನಿನ ವ್ಯಾಪಾರಿ ಇಸ್ರೇಲ್ ಥಾರ್ನ್‌ಡೈಕ್ 1818ರಲ್ಲಿ ಕೊಂಡು ಹಾರ್ವರ್ಡ್‌ಗೆ ಕೊಟ್ಟುಬಿಟ್ಟ. ಅಲ್ಲಿನ ನಕಾಶೆ ಭಂಡಾರದ ಬುನಾದಿ ಅದೇ. ನಮ್ಮ ಕಾಲದಲ್ಲಿ ಡೇವಿಡ್ ರಮ್ಸೇ ತಮ್ಮ ಸಂಗ್ರಹವನ್ನು ಸ್ಟ್ಯಾನ್‌ಫರ್ಡ್‌ಗೆ ಕೊಟ್ಟರು. 2016ರಲ್ಲಿ ಅವರ ಹೆಸರಿನ ಕೇಂದ್ರವೇ ಅಲ್ಲಿ ಆರಂಭವಾಯಿತು. ಅವರ ಮುಂದೆ ನನ್ನದು ಊದಿನಕಡ್ಡಿಯ ದುಡ್ಡು. ಆದರೂ ಕಳಿಸಿದೆ. ಅಮ್ಮ ಅದನ್ನು ದೇವರ ಹುಂಡಿಯ ಲೆಕ್ಕಕ್ಕೇ ಹಾಕಿಕೊಂಡಳು.

ನಮ್ಮಲ್ಲಿ ನಕಾಶೆಯೆಂದರೆ ಬಹಳ ಕಾಲ ಗುಟ್ಟಿನ ಸರಕು. ಗಡಿ ಮತ್ತು ಕರಾವಳಿಯ ಹಾಳೆಗಳನ್ನು ಸರ್ಕಾರ ಬಿಗಿಯಾಗಿ ಹಿಡಿದುಕೊಂಡಿತ್ತು. ನಿಯಮಗಳು ದೊಡ್ಡ ಮಟ್ಟಿಗೆ ಸಡಿಲವಾದದ್ದು 2021ರಲ್ಲಿ. ಅಷ್ಟರೊಳಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಗೆದ್ದಲು ತನ್ನ ಪಾಲು ಮುಗಿಸಿತ್ತು.

ಶಾನುಭೋಗರ ಮನೆತನದವರಿದ್ದರೆ, ಸರ್ವೇ ಇಲಾಖೆಯಲ್ಲಿದ್ದ ತಾತನ ಟ್ರಂಕು ಉಳಿದಿದ್ದರೆ, ದಯವಿಟ್ಟು ಒಮ್ಮೆ ತೆರೆದು ನೋಡಿ. ಬಟ್ಟೆ ಅಂಟಿಸಿದ ಹಳೆಯ ಗ್ರಾಮ ನಕಾಶೆ ಸಿಕ್ಕರೆ ಸೆಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ, 1909ರಿಂದ ಬೆಂಗಳೂರಿನಲ್ಲಿರುವ ಮಿಥಿಕ್ ಸೊಸೈಟಿಯಂಥ ಸಂಸ್ಥೆಗೋ ತೋರಿಸಿ. ಕೊಡುವುದಾದರೆ ಅದನ್ನಿಡುವ ಡ್ರಾಯರಿನ ಖರ್ಚಿಗೂ ಒಂದಿಷ್ಟು ಸೇರಿಸಿ ಕೊಡಿ.