ಆಟದ ಬಂಡಿಗೊಂದು ಮರೆ

ಕಳೆದ ನವರಾತ್ರಿಯಲ್ಲಿ ನಮ್ಮ ಮನೆಯ ಬೊಂಬೆಗಳ ಪಕ್ಕದಲ್ಲಿ ಜಾಲಹಳ್ಳಿಯ ಮೆಟ್ರೋ ಬಂಡಿಯನ್ನು ಓಡಿಸಬೇಕೆಂದು ಮೊಮ್ಮಗನು ಹಟಹಿಡಿದನು. ಆರಡಿ ಉದ್ದ, ನಾಲ್ಕಡಿ ಅಗಲದ ಹಲಗೆಯ ಮೇಲೆ ಹದಿನಾರೂವರೆ ಮಿಲಿಮೀಟರು ಅಂತರದ ಆಟಿಕೆಯ ಕಂಬಿಗಳನ್ನು ಅಂಡಾಕಾರವಾಗಿ ಜೋಡಿಸಿದೆವು. ನಿಜವಸ್ತುವಿನ 87ರಲ್ಲಿ ಒಂದು ಪಾಲು ಇದರ ಪ್ರಮಾಣ. ನಮ್ಮ ದೇಶದ ದೊಡ್ಡ ರೈಲಿನ 1676 ಮಿ.ಮೀ. ಹಾದಿಗೆ ಇದು ಇಕ್ಕಟ್ಟಾದರೂ ಮೆಟ್ರೋವಿನ 1435 ಮಿ.ಮೀ. ಹಾದಿಗೆ ಸರಿಯಾಗಿ ಒಪ್ಪುತ್ತದೆ.

ಮೊದಲ ದಿನ ನಾವು ಏನನ್ನೂ ಮರೆಮಾಡಲಿಲ್ಲ. ಬಂಡಿಯು ಐದಾರು ಸುತ್ತು ಹಾಕುವಷ್ಟರಲ್ಲಿ ಹುಡುಗನು, “ತಾತ, ಇದು ಎಲ್ಲಿಗೂ ಹೋಗುವುದೇ ಇಲ್ಲವಲ್ಲ!” ಎಂದು ಎದ್ದುಹೋದನು. ಆ ಮಾತು ನಮಗೆ ನಾಟಿತು. ಮೂವತ್ತು ವರ್ಷ ತರಗತಿಯಲ್ಲಿ ಶ್ಲೋಕದ ಪದಪದವನ್ನೂ ಬಿಡಿಸಿ, ಹುಡುಗರು ತಾವೇ ಊಹಿಸಬೇಕಾದುದನ್ನೂ ನಾವೇ ಹೇಳಿ ಮುಗಿಸುತ್ತಿದ್ದೆವು. ಅವರ ಕಣ್ಣುಗಳು ಕಿಟಕಿಯ ಹೊರಗೆ ಹೋಗುತ್ತಿದ್ದುದು ಈಗ ನೆನಪಿಗೆ ಬಂದಿತು.

ಭರತನ ನಾಟ್ಯಶಾಸ್ತ್ರದಲ್ಲಿ ಕಕ್ಷ್ಯಾವಿಭಾಗವೆಂಬುದೊಂದುಂಟು. ಪಾತ್ರಧಾರಿಯು ರಂಗದ ಮೇಲೆ ಒಂದು ಸುತ್ತು ನಡೆದರೆ ಬೇರೆ ಸ್ಥಳಕ್ಕೆ ಹೋದನೆಂದು ಪ್ರೇಕ್ಷಕರು ತಿಳಿಯುವರು. ಅಲ್ಲಿ ನಟನ ಮಾತು ನೆರವಿಗುಂಟು. ಮೂಕಬಂಡಿಗಾದರೋ ಮರೆಯೊಂದೇ ಗತಿ.

ಮರೆಯ ಸ್ಥಾನವನ್ನು ನಗರವೇ ಕಲಿಸಿತು. 2015ರಲ್ಲಿ ತೆರೆದ ಜಾಲಹಳ್ಳಿ ನಿಲ್ದಾಣದಿಂದ ಪೇಟೆಗೆ ಹೊರಟವರು ಸಂಪಿಗೆ ರಸ್ತೆಯವರೆಗೆ ಎತ್ತರದ ಸೇತುವೆಯ ಮೇಲೆ ಸಾಗಿ, ಮುಂದೆ ನೆಲದೊಳಕ್ಕಿಳಿದು, ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆಗಳನ್ನು ಸುರಂಗದಲ್ಲಿಯೇ ದಾಟುವರಷ್ಟೆ. ಆದುದರಿಂದ ಹಲಗೆಯ ನಡುವೆ ಉದ್ದಕ್ಕೂ ರಟ್ಟಿನ ತೆರೆಯನ್ನು ನಿಲ್ಲಿಸಿ, ಬಲತುದಿಗೆ ಸುರಂಗದ ಬಾಯನ್ನಿಟ್ಟೆವು. ಆರಡಿಯೊಳಗೆ ಕಂಬಿಯನ್ನು ಇಳಿಸಲು ಎಡೆಯಿಲ್ಲ. ನೆಲವನ್ನೇ ಮೆಲ್ಲಗೆ ಏರಿಸಿದೆವು. ಎಡತುದಿಗೂ ಸುರಂಗವನ್ನಿಟ್ಟರೆ ಕಣ್ಣು ಉಪಾಯವನ್ನು ಹಿಡಿದುಬಿಡುವುದು. ಅಲ್ಲಿ ಒಂಬತ್ತು ಅಂಗುಲ ಎತ್ತರದ, ಆರಂತಸ್ತಿನ ಎರಡು ಮನೆಗಳನ್ನು ಒಂದರ ಮುಂದೊಂದು ಓರೆಯಾಗಿಟ್ಟು, ತೆರೆಯ ಕಂಡಿಯನ್ನು ಮುಚ್ಚಿದೆವು. ತೆರೆಗೆ ಅಂಟಿಸಿದ ಕಟ್ಟಡಗಳು ಒಂದಂಗುಲ ದಪ್ಪದ ಮುಂಗೋಡೆಗಳು ಮಾತ್ರ. ಅವುಗಳ ನಡುವೆ, 1961ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಗೂ ಒಂದು ಸ್ಥಳ ದೊರೆಯಿತು. ಹಿಂದಿನವುಗಳಿಗೆ ನೀಲಿ ಬೆರೆತ ತಿಳಿಬಣ್ಣ ಬಳಿದುದರಿಂದ ದೂರವು ತಾನಾಗಿ ತೋರಿತು.

ಇನ್ನೊಂದು ಎಚ್ಚರಿಕೆ ಬೇಕು. ಮೂರು ಬೋಗಿಯ ಬಂಡಿಯು ಈ ಪ್ರಮಾಣದಲ್ಲಿ ಮುಕ್ಕಾಲು ಮೀಟರಿನಷ್ಟಾಗುತ್ತದೆ. ಮರೆಯ ಹಿಂದಿನ ಹಾದಿ ಅದಕ್ಕಿಂತ ಚಿಕ್ಕದಾದರೆ, ಬಾಲವು ಒಳಹೋಗುವ ಮೊದಲೇ ತಲೆಯು ಆಚೆ ಕಾಣಿಸಿಕೊಂಡು ನಗೆಗೀಡಾಗುವುದು. ಮರೆಯಲ್ಲಿ ಬಂಡಿಯನ್ನು ಹತ್ತು ಎಣಿಸುವವರೆಗೆ ನಿಲ್ಲಿಸಬೇಕು. ಆಮೇಲೆ ಎಡದಿಂದ ಬರುವುದು ಅದೇ ಬಂಡಿಯಾದರೂ, ಮಾದಾವರದ ಕಡೆಯಿಂದ ಬಂದ ಬೇರೊಂದರಂತೆ ಕಾಣುವುದು.

ಅಷ್ಟಮಿಯ ಸಂಜೆ ಬೊಂಬೆ ನೋಡಲು ಬಂದ ನೆರೆಮನೆಯ ಮಗುವು, “ರೈಲು ಎಲ್ಲಿ ಹೋಯಿತು?” ಎಂದು ಕೇಳಿತು. ತೆರೆಯ ಹಿಂದೆ ಬಂಡಿಯು ಸುಮ್ಮನೆ ನಿಂತಿತ್ತು. ವಿವರಿಸಲೆಂದು ನಾವು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗನು, “ಈಗ ಚಿಕ್ಕಪೇಟೆಯಲ್ಲಿದೆ, ಜನ ಇಳಿಯುತ್ತಿದ್ದಾರೆ” ಎಂದನು. ನಾವು ಬಾಯಿ ಮುಚ್ಚಿಕೊಂಡು, ಅವನೊಡನೆ ಹತ್ತು ಎಣಿಸತೊಡಗಿದೆವು.