ನಾವು ಮಾಡಿದ ಮೆಕ್ಸಿಕೋ ಸಾರು

ಅಡಿಗೆಯನ್ನು ಕುರಿತು ಬರೆಯುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ಬಹುಕಾಲ ಮಕ್ಕಳಿಗೆ ಸಂಧಿ ಸಮಾಸಗಳನ್ನು ಬೋಧಿಸಿದ ನಮಗೆ ಅಡಿಗೆಮನೆಯು ಊಟದ ಹೊತ್ತಿನಲ್ಲಿ ಮಾತ್ರ ಪರಿಚಿತವಾದ ಸ್ಥಳ. ಒಗ್ಗರಣೆಗೆ ಸಾಸಿವೆ ಮೊದಲೋ ಕರಿಬೇವು ಮೊದಲೋ ಎಂದು ಯಾರಾದರೂ ಪರೀಕ್ಷಿಸಿದ್ದರೆ ಅನುತ್ತೀರ್ಣರಾಗುತ್ತಿದ್ದೆವು. ಹೀಗಿದ್ದೂ 2023ರ ಒಂದು ಭಾನುವಾರ, ಚಿಲಮತ್ತೂರಿನ ನಮ್ಮ ಮನೆಯಲ್ಲಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಮೆಕ್ಸಿಕೋ ದೇಶದ ಸಾರೊಂದನ್ನು ಮಾಡಲು ಒಲೆಯ ಮುಂದೆ ನಿಂತೆವು. ಇದಕ್ಕೆ ಕಾರಣ ಒಂದು ಚಲನಚಿತ್ರ. ಆ ಚಿತ್ರವು ನಮ್ಮ ಮನಸ್ಸನ್ನು ಹೊಕ್ಕುದಕ್ಕೆ ಕಾರಣ ನಮ್ಮ ತಾಯಿಯವರು.

ತಾಯಿಯವರ ಕೈಯ ಬಸ್ಸಾರು ನಮ್ಮ ಬೀದಿಯಲ್ಲೆಲ್ಲ ಹೆಸರಾದುದು. ಅಡಿಗೆ ಮಾಡುವಾಗ ಅವರು ರುಚಿ ನೋಡುತ್ತಿರಲಿಲ್ಲ. ದೇವರಿಗೆ ಎಡೆಯಾಗುವ ಮೊದಲು ಬಾಯಿಗೆ ಹಾಕಬಾರದೆಂಬುದು ಅವರ ನಿಯಮ. ಕುದಿಯುವ ಪಾತ್ರೆಯ ಆವಿಯನ್ನು ಒಮ್ಮೆ ಮೂಗಿಗೆ ತಂದುಕೊಂಡು, ‘ಇನ್ನೂ ನಾಲ್ಕು ಹರಳು ಉಪ್ಪು ಬೇಕು’ ಎನ್ನುತ್ತಿದ್ದರು. ಉಪ್ಪಿಗೆ ಕಂಪೆಲ್ಲಿಯದೆಂದು ನಾವು ವಾದಿಸಿದರೆ, ‘ನಿನ್ನ ವ್ಯಾಕರಣಕ್ಕೆ ವಾಸನೆ ಇದೆಯೇನಪ್ಪಾ, ಅದನ್ನು ನೀನು ಹೇಗೆ ಕಂಡುಹಿಡಿಯುತ್ತೀಯೆ?’ ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

2021ರ ಬೇಸಗೆಯಲ್ಲಿ ಊರೂರನ್ನೂ ಹೊಕ್ಕ ಆ ಜ್ವರ ನಮ್ಮ ಮನೆಯನ್ನೂ ಹೊಕ್ಕಿತು. ದೈವಕೃಪೆಯಿಂದ ಎಲ್ಲರೂ ಉಳಿದೆವು. ನಮಗೆ ಹದಿನೈದು ದಿನಗಳಲ್ಲಿ ಹೋದ ಮೂಗು ಮರಳಿತು, ತಾಯಿಯವರಿಗೆ ಮರಳಲಿಲ್ಲ. ಉಪ್ಪು, ಹುಳಿ, ಸಿಹಿಗಳು ನಾಲಗೆಗೆ ಮಂಕಾಗಿ ತಿಳಿಯುತ್ತಿದ್ದವಷ್ಟೇ. ಒಂದು ದಿನ ಅವರು ಅಡಿಗೆಮನೆಯಲ್ಲಿಯೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾಗ, ಬೆನ್ನ ಹಿಂದೆ ಒಲೆಯ ಮೇಲಿದ್ದ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಯಿತು. ಹೊರಗಿನಿಂದ ಬಂದ ನಮ್ಮ ಮನೆಯಾಕೆ ಓಡಿಹೋಗಿ ಒಲೆಯನ್ನು ಆರಿಸಬೇಕಾಯಿತು. ತಾಯಿಯವರು ಆ ಪಾತ್ರೆಯನ್ನು ಬಹಳ ಹೊತ್ತು ನೋಡಿದರು. ‘ವಾಸನೆ ತಿಳಿಯದವಳು ಒಲೆಯ ಮುಂದೆ ನಿಂತರೆ ಮನೆಯೇ ಸುಟ್ಟೀತು’ ಎಂದರು. ಅಂದಿನಿಂದ ಅವರು ಅಡಿಗೆಮನೆಯ ಹೊಸಿಲನ್ನು ದಾಟಲಿಲ್ಲ. ಊಟವೂ ಮುದ್ದೆಯ ಎರಡು ತುತ್ತಿಗೆ ಇಳಿಯಿತು. ‘ಮಣ್ಣಾದರೇನು, ಅನ್ನವಾದರೇನು’ ಎಂದು ಒಮ್ಮೆ ಹೇಳಿದರು. ಆ ಮಾತು ನಮ್ಮ ನಿದ್ರೆಯನ್ನು ಕೆಡಿಸಿತು.

ಇಂತಹ ದಿನಗಳಲ್ಲಿ ನಮ್ಮ ಮಗಳು, ಆಗ ಒಂಬತ್ತನೆಯ ತರಗತಿಯವಳು, ‘ಅಡಿಗೆಯವನ ಕತೆ ಇದೆ, ಅಜ್ಜಿಯೂ ನೋಡಲಿ’ ಎಂದು ಒಂದು ಚಿತ್ರವನ್ನು ಹಾಕಿದಳು. ‘ಟಾರ್ಟಿಲ್ಲಾ ಸೂಪ್’ ಎಂದು ಅದರ ಹೆಸರು; 2001ರಲ್ಲಿ ಮರಿಯಾ ರಿಪೋಲ್ ಎಂಬಾಕೆ ನಿರ್ದೇಶಿಸಿದುದು. ಟಾರ್ಟಿಲ್ಲಾ ಎಂದು ಬರೆದರೂ ಮೆಕ್ಸಿಕೋದವರು ನುಡಿಯುವುದು ‘ತೋರ್ತಿಯಾ’ ಎಂದು; ಅದು ಮುಸುಕಿನ ಜೋಳದ ರೊಟ್ಟಿ. ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ ಮೆಕ್ಸಿಕೋ ಮೂಲದ ಒಬ್ಬ ಬಾಣಸಿಗ, ಹೆಂಡತಿಯನ್ನು ಕಳೆದುಕೊಂಡವನು, ಮೂವರು ಹೆಣ್ಣುಮಕ್ಕಳ ತಂದೆ. ಭಾನುವಾರ ಮಕ್ಕಳೆಲ್ಲರೂ ಕೂಡಿ ಊಟಮಾಡಬೇಕೆಂಬುದು ಅವನ ಕಟ್ಟಳೆ. ಅಷ್ಟೊಂದು ಬಗೆಯ ಅಡಿಗೆಗಳನ್ನು ಮಾಡಿ ಬಡಿಸುವ ಅವನಿಗೆ ನಾಲಗೆಯ ರುಚಿಯೇ ಹೋಗಿದೆ! ಇಷ್ಟು ತಿಳಿದೊಡನೆ, ಗೋಡೆಗೆ ಒರಗಿ ಕುಳಿತಿದ್ದ ನಮ್ಮ ತಾಯಿಯವರು ನೆಟ್ಟಗೆ ಕುಳಿತರು. ಆ ಭಾಷೆ ಅವರಿಗೆ ತಿಳಿಯದು. ಮಗಳು ಬೇಕಾದಲ್ಲಿ ಹೇಳುತ್ತಿದ್ದಳು. ‘ಅವನು ಒಲೆ ಬಿಡಲಿಲ್ಲವಲ್ಲಾ’ ಎಂದು ಕೊನೆಗೆ ಅಂದರು. ಈ ಚಿತ್ರಕ್ಕೆ ಮೂಲ, ಆಂಗ್ ಲೀಯವರು 1994ರಲ್ಲಿ ತೈವಾನಿನಲ್ಲಿ ತೆಗೆದ ಚಿತ್ರ. ಅದರ ಕೊನೆಯಲ್ಲಿ ಮಗಳು ಮಾಡಿದ ಸೂಪನ್ನು ಕುಡಿದಾಗ ತಂದೆಗೆ ರುಚಿ ಮರಳುತ್ತದೆ. ಇದನ್ನು ಮಗಳು ನಮಗೆ ರಾತ್ರಿ ಹೇಳಿದಳು. ಸಿನಿಮಾದ ಮಾತು ಸಿನಿಮಾಕ್ಕೆ ಎಂಬ ವಿವೇಕ ನಮಗಿಲ್ಲದಿರಲಿಲ್ಲ. ಆದರೂ ಮಗನೆಂಬುವನ ಮನಸ್ಸು ವಿವೇಕವನ್ನು ಎಲ್ಲ ಕಾಲದಲ್ಲಿಯೂ ಕೇಳುವುದಿಲ್ಲ.

ಆ ಸಾರಿಗೆ ಏನೇನು ಬೇಕೆಂದು ವಿಚಾರಿಸಿದೆವು. ಮುಸುಕಿನ ಜೋಳ, ಒಣಮೆಣಸಿನಕಾಯಿ, ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿ, ನಿಂಬೆ, ಬೆಣ್ಣೆಹಣ್ಣು. ಬೆಣ್ಣೆಹಣ್ಣೊಂದನ್ನು ಬೆಂಗಳೂರಿನಿಂದ ತರಿಸಬೇಕಾಯಿತು, ಉಳಿದುದೆಲ್ಲ ಕೈಗೆಟಕುವಂಥದೇ. ಮುಸುಕಿನ ಜೋಳವನ್ನು ಗಡಿಯಾಚೆ ಗೌರಿಬಿದನೂರಿನ ಸೀಮೆಯಲ್ಲಿ ಬೇಕಾದಷ್ಟು ಬೆಳೆಯುತ್ತಾರೆ. ಈ ಪಟ್ಟಿಯಲ್ಲಿ ಜೋಳ, ಮೆಣಸಿನಕಾಯಿ, ಟೊಮೇಟೊ, ಬೆಣ್ಣೆಹಣ್ಣುಗಳು ಆ ಖಂಡದಿಂದಲೇ ಹೊರಟು ಜಗತ್ತಿಗೆ ಹರಡಿದವು. ‘ಚಿಲ್ಲಿ’ ಎಂಬುದು ಅಲ್ಲಿಯ ನಾವಾತ್ಲ್ ಭಾಷೆಯ ಶಬ್ದ. ‘ಹಾಗಾದರೆ ಚಿಲಮತ್ತೂರಿಗೂ ಚಿಲ್ಲಿಗೂ ನೆಂಟಸ್ತಿಕೆ’ ಎಂದು ಮಗಳು ನಕ್ಕಳು. ಅಂತಹ ವ್ಯುತ್ಪತ್ತಿಯನ್ನು ಪರೀಕ್ಷೆಯಲ್ಲಿ ಬರೆಯಬೇಡವೆಂದು ಎಚ್ಚರಿಸಿದೆವು.

ನಮ್ಮೂರಿಗೆ ಸಮೀಪದ ಲೇಪಾಕ್ಷಿಯನ್ನು ನೋಡಿದ ವಿದ್ಯಾರ್ಥಿಗಳಿಗೆ ಅಲ್ಲಿ ನೆಲದ ಬಂಡೆಯಲ್ಲಿ ಕಡೆದ ಊಟದ ತಟ್ಟೆಗಳು ನೆನಪಿರಬಹುದು. ಗುಡಿಯನ್ನು ಕಟ್ಟಿದ ಶಿಲ್ಪಿಗಳು ಅವುಗಳಲ್ಲಿ ಉಣ್ಣುತ್ತಿದ್ದರೆಂದು ಜನ ಹೇಳುತ್ತಾರೆ. ಪಲ್ಯಕ್ಕೂ ಸಾರಿಗೂ ಬೇರೆ ಬೇರೆ ಗುಳಿಗಳಿವೆ. ಅದು 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ಕಾಲ. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1521ರಲ್ಲಿ, ಸ್ಪೇನಿನವರು ಮೆಕ್ಸಿಕೋದ ರಾಜಧಾನಿಯನ್ನು ಗೆದ್ದಿದ್ದರು. ಮೆಣಸಿನಕಾಯಿಯು ಪೋರ್ತುಗೀಸರ ಹಡಗುಗಳಲ್ಲಿ ಪಶ್ಚಿಮದ ಕರಾವಳಿಗೆ ಬಂದು ಒಳನಾಡಿಗೆ ಹಬ್ಬಿದುದು ಆ ಶತಮಾನದಲ್ಲಿ ಮತ್ತು ಅದರಿಂದೀಚೆಗೆ. ಆದುದರಿಂದ ಆ ಕಲ್ಲಿನ ಗುಳಿಗೆ ಬಿದ್ದ ಸಾರಿನ ಖಾರ ಬಹುಮಟ್ಟಿಗೆ ಕರಿಮೆಣಸಿನದಾಗಿರಬೇಕು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಮೆಣಸಿನ ಹೆಸರನ್ನೇ ಇಟ್ಟು, ಮೆಣಸಿನ ಕೆಲಸವನ್ನೇ ಒಪ್ಪಿಸಿ, ಅದು ಹೊರಗಿನದೆಂಬುದನ್ನೇ ಮರೆತರು. ನಾವು ಪರದೇಶದ ಸಾರು ಮಾಡಲು ಹೊರಟೆವೆಂದುಕೊಂಡಿದ್ದೆವು. ನಮ್ಮ ಮನೆಯ ಸಾರಿನ ಅರ್ಧ ನೆಂಟರು ಅಲ್ಲಿಯವರೇ ಎಂಬುದು ಆಗ ತಿಳಿಯಿತು.

ಶನಿವಾರ ಸಂಜೆ ಕೆಲಸ ಆರಂಭವಾಯಿತು. ಅಲ್ಲಿಯವರು ಜೋಳವನ್ನು ಹಾಗೆಯೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಜಾರುವಂತೆ ಉಜ್ಜಿ ತೊಳೆದು, ಆಮೇಲೆ ಅರೆಯುತ್ತಾರೆ. ಇದು ಕೇವಲ ಆಚಾರವಲ್ಲ. ಜೋಳದೊಳಗೆ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವವನ್ನು ಸುಣ್ಣವು ಬಿಡಿಸುತ್ತದೆ. ಜೋಳವನ್ನು ಕೊಂಡೊಯ್ದ ಯೂರೋಪಿನವರು ಸುಣ್ಣದ ವಿದ್ಯೆಯನ್ನು ಕೊಂಡೊಯ್ಯಲಿಲ್ಲ. ಅದರಿಂದ ಇಟಲಿ, ಸ್ಪೇನುಗಳಲ್ಲಿ ಜೋಳವನ್ನೇ ನೆಚ್ಚಿದ ಬಡವರು ಪೆಲಾಗ್ರ ಎಂಬ ರೋಗದಿಂದ ನರಳಿದರು. ಅದಕ್ಕೆ ಮದ್ದು ಈ ಜೀವಸತ್ವವೆಂಬುದು ಖಚಿತವಾದುದು 1937ರಲ್ಲಿ. ಮೆಕ್ಸಿಕೋದ ಹೆಂಗಸರ ಕೈಗೆ ಆ ವಿದ್ಯೆ ಸಾವಿರಾರು ವರ್ಷಗಳ ಹಿಂದೆಯೇ ಬಂದಿತ್ತು.

ಅರ್ಧ ಕಿಲೋ ಜೋಳಕ್ಕೆ ಒಂದು ಸಣ್ಣ ಚಮಚ ಸುಣ್ಣ ಸಾಕೆಂದು ನಾವು ಓದಿದ್ದೆವು. ತಾಯಿಯವರ ಎಲೆಯಡಿಕೆಯ ತಟ್ಟೆಯಿಂದ ಸುಣ್ಣದ ಡಬ್ಬಿಯನ್ನು ಮೆಲ್ಲನೆ ಎತ್ತಿಕೊಂಡು ಬರುವಾಗ ಸಿಕ್ಕಿಬಿದ್ದೆವು.

‘ಸುಣ್ಣ ಯಾಕಪ್ಪಾ?’

‘ಜೋಳ ಬೇಯಿಸುವುದಕ್ಕಮ್ಮಾ.’

‘ಮಕ್ಕಳು ಉಣ್ಣುವ ಅನ್ನಕ್ಕೆ ಸುಣ್ಣ ಹಾಕುತ್ತೀಯೇನೋ! ಬಾಯಿ ಬೆಂದುಹೋಗುತ್ತದೆ. ತಾ ಇಲ್ಲಿ.’

ಎಪ್ಪತ್ತು ವರ್ಷಗಳ ಎಲೆಯಡಿಕೆಯ ಅನುಭವದ ಮುಂದೆ ನಮ್ಮ ಓದು ನಿಲ್ಲಲಿಲ್ಲ. ಅವರು ಹೊಸಿಲಿನ ಹೊರಗೆ ಮಣೆ ಹಾಕಿಸಿಕೊಂಡು ಕುಳಿತು, ಸುಣ್ಣವನ್ನು ನೀರಿನಲ್ಲಿ ಕದಡಿಸಿ, ಕೆಳಗಿಳಿದ ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ ಬಗ್ಗಿಸಿಸಿದರು. ಬೆರಳಿನ ನಡುವೆ ನೀರನ್ನು ಉಜ್ಜಿ, ‘ಇಷ್ಟು ಜಾರಿದರೆ ಸಾಕು’ ಎಂದರು. ಮೂಗು ಹೋಗಿದ್ದರೂ ಬೆರಳು ಹೋಗಿರಲಿಲ್ಲ.

ಭಾನುವಾರ ಬೆಳಗ್ಗೆ ಜೋಳದ ಸಿಪ್ಪೆ ನಿಜವಾಗಿಯೂ ಜಾರಿತು. ಅರೆದ ಹಿಟ್ಟಿನಿಂದ ನಮ್ಮ ಮನೆಯಾಕೆ ರಾಗಿರೊಟ್ಟಿಯನ್ನು ತಟ್ಟುವಂತೆ ರೊಟ್ಟಿ ತಟ್ಟಿ ಕಾವಲಿಯಲ್ಲಿ ಬೇಯಿಸಿದರು. ಮೆಣಸಿನಕಾಯಿಯನ್ನು ಹುರಿಯುವ ಭಾರ ನಮ್ಮದು. ಅಲ್ಲಿಯವರು ಬಳಸುವುದು ಖಾರ ಕಡಿಮೆಯಾದ, ಬಣ್ಣ ಹೆಚ್ಚಾದ ಕಾಯಿ. ಈ ಭೇದವನ್ನರಿಯದ ನಾವು ಮನೆಯಲ್ಲಿದ್ದ ಗುಂಟೂರಿನ ಕಾಯಿಗಳನ್ನೇ ಹಿಡಿ ತುಂಬ ಕಾವಲಿಗೆ ಹಾಕಿದೆವು. ಫಲವನ್ನು ವಾಚಕರು ಊಹಿಸಬಹುದು. ಘಾಟು ಮನೆಯನ್ನೆಲ್ಲ ತುಂಬಿತು. ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿ ಹಿತ್ತಲಿಗೆ ಓಡಿದರು. ಮಗಳು ಬೀದಿಗೆ ಓಡಿದಳು. ನಾವು ಕಣ್ಣೀರಿಡುತ್ತ ಒಲೆಯನ್ನು ಆರಿಸಲು ತಡಕಾಡಿದೆವು. ಅಷ್ಟರಲ್ಲಿ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ಒಂದಲ್ಲ, ಎರಡಲ್ಲ. ಅದರ ಹಿಂದೆಯೇ ಮಾತು: ‘ಏನೋ ಅದು ಸೀಯುತ್ತಿರುವುದು? ಒಲೆ ಆರಿಸೋ!’

ಎರಡು ವರ್ಷಗಳಲ್ಲಿ ಅಡಿಗೆಮನೆಯಿಂದ ಏನೊಂದೂ ಅವರನ್ನು ಮುಟ್ಟಿರಲಿಲ್ಲ. ನಾವು ಒದ್ದೆ ಕಣ್ಣುಗಳಲ್ಲಿಯೇ ಕೋಣೆಗೆ ಓಡಿದೆವು. ‘ವಾಸನೆ ಬಂತೇನಮ್ಮಾ?’ ಎಂದೆವು. ಅವರು ಕೆಮ್ಮಿನ ನಡುವೆ ನಮ್ಮನ್ನು ನೋಡಿದರು. ‘ಬಂತೋ ಏನೋ ಕಾಣೆ’ ಎಂದರು.

ಅಂದು ರೊಟ್ಟಿಯನ್ನು ಕಡಲೆಕಾಯಿ ಚಟ್ನಿಯೊಂದಿಗೆ ತಿಂದು ಎದ್ದೆವು. ಸೋಮವಾರ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯ ಮಿತ್ರರಿಗೆ ಈ ಸಂತೋಷದ ಸುದ್ದಿಯನ್ನು ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನೋವಾಗದಂತೆ ವಿವರಿಸಿದರು. ಘಾಟು ವಾಸನೆಯಲ್ಲ. ಕಂಪನ್ನು ಮಿದುಳಿಗೆ ಒಯ್ಯುವ ನರ ಬೇರೆ. ಮುಖದ ಉರಿ, ನೋವು, ತಂಪುಗಳನ್ನು ಒಯ್ಯುವ ನರ ಬೇರೆ. ಮೆಣಸಿನಕಾಯಿಯ ಸತ್ವವಾದ ಕ್ಯಾಪ್ಸೈಸಿನ್ ತಟ್ಟುವುದು ಎರಡನೆಯದರ ಬಾಗಿಲನ್ನು. ಸುಮಾರು 43 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಬಿಸಿ ತಟ್ಟುವುದೂ ಅದೇ ಬಾಗಿಲನ್ನು. ಆದುದರಿಂದಲೇ ಖಾರವು ಉರಿಯಂತೆ ತೋರುತ್ತದೆ. ಈ ಬಾಗಿಲನ್ನು ಮೆಣಸಿನಕಾಯಿಯ ಸಹಾಯದಿಂದಲೇ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅದೇ 2021, ತಾಯಿಯವರ ಮೂಗು ಹೋದ ವರ್ಷ! ‘ಬಾಯಿ ಉರಿಯಿತು’ ಎನ್ನುವ ನಮ್ಮ ಜನಕ್ಕೆ ಇದು ಮೊದಲೇ ತಿಳಿದಿತ್ತೆಂದು ಹೇಳಿ ನಗಲು ಯತ್ನಿಸಿದೆವು, ನಗು ಬರಲಿಲ್ಲ.

ಸಂಜೆ ಇದನ್ನು ತಾಯಿಯವರಿಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಹೇಳಿದೆವು. ಅವರು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡರು. ‘ಹಾಗಾದರೆ ಒಂದು ಬಾಗಿಲು ಮುಚ್ಚಿದೆ, ಇನ್ನೊಂದು ತೆರೆದಿದೆ ಅನ್ನು. ತೆರೆದಿರುವ ಬಾಗಿಲಿಂದಲೇ ಬರಬೇಕಪ್ಪಾ, ಬರುವವರು’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಗುಂಟೂರು ಕಾಯಿ ಬೇಡ. ಬ್ಯಾಡಗಿ ತಾ’ ಎಂದರು.

ಮುಂದಿನ ಭಾನುವಾರ ಅವರು ಹೊಸಿಲಿನ ಹೊರಗೆ ಕುಳಿತಿರಲಿಲ್ಲ, ಒಳಗೆ ಬಂದಿದ್ದರು. ಸುಕ್ಕುಸುಕ್ಕಾದ ಬ್ಯಾಡಗಿ ಕಾಯಿಗಳನ್ನು ತಾವೇ ಕಾವಲಿಯ ಮೇಲೆ ಹೊರಳಿಸಿದರು. ಕಂಪಿನಿಂದಲ್ಲ, ಕಾಯಿ ಉಬ್ಬಿ ಬಣ್ಣ ತಿರುಗಿದುದನ್ನು ಕಣ್ಣಿನಿಂದ ನೋಡಿ ಇಳಿಸಿದರು. ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಅದೇ ಕಾವಲಿಯಲ್ಲಿ ಅಲ್ಲಲ್ಲಿ ಕಪ್ಪಾಗುವಂತೆ ಸುಟ್ಟೆವು. ಎಲ್ಲವನ್ನೂ ನುಣ್ಣಗೆ ಅರೆದು, ಕಾದ ಎಣ್ಣೆಗೆ ಹಾಕಿ, ಎಣ್ಣೆ ಬಿಡುವವರೆಗೆ ಬಾಡಿಸಿದೆವು. ಮೂಲದಲ್ಲಿ ಇದಕ್ಕೆ ಕೋಳಿಯ ರಸ ಸೇರುತ್ತದೆ. ನಮ್ಮ ಮನೆಯಲ್ಲಿ ಅದು ನಡೆಯದಾದುದರಿಂದ ಹುರುಳಿಯ ಕಟ್ಟನ್ನು ಹಾಕಿದೆವು. ರೊಟ್ಟಿಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಸಂಡಿಗೆಯಂತೆ ಕರಿದೆವು. ಬಟ್ಟಲಿನ ತಳಕ್ಕೆ ಆ ಗರಿಗರಿ ಪಟ್ಟಿಗಳು, ಅದರ ಮೇಲೆ ಕುದಿಯುವ ಸಾರು, ಮೇಲೆ ತಣ್ಣನೆಯ ಬೆಣ್ಣೆಹಣ್ಣಿನ ಹೋಳು, ಮೊಸರಿನ ಕೆನೆ, ನಿಂಬೆಯ ರಸ.

ಸಾರು ಕುದಿಯುವಾಗ ನಾವು ಅಭ್ಯಾಸಬಲದಿಂದ ತಾಯಿಯವರ ಕಡೆ ನೋಡಿ, ‘ಸರಿಯಾಯಿತೇನಮ್ಮಾ?’ ಎಂದು ಕೇಳಿಬಿಟ್ಟೆವು. ಕೇಳಿದ ಮರುಕ್ಷಣ ನಾಲಗೆ ಕಚ್ಚಿಕೊಂಡೆವು. ಅವರು ಮಾತ್ರ ಬೇಸರಪಡಲಿಲ್ಲ. ‘ಸರಿ ಯಾವುದೆಂದು ನಿನಗೆ ಗೊತ್ತೇನಪ್ಪಾ?’ ಎಂದರು.

ನಮಗೆ ಗೊತ್ತಿರಲಿಲ್ಲ. ಮನೆಯಾಕೆಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಆ ಸಾರನ್ನು ನಮ್ಮಲ್ಲಿ ಯಾರೂ ಹಿಂದೆ ಉಂಡವರಲ್ಲ. ಬಸ್ಸಾರಿನ ಮುಂದೆ ತಾಯಿಯವರು ಕಳೆದುಕೊಂಡವರು, ನಾವು ಉಳ್ಳವರು. ಈ ಸಾರಿನ ಮುಂದೆ ಎಲ್ಲರೂ ಒಂದೇ ತರಗತಿಯ ವಿದ್ಯಾರ್ಥಿಗಳು. ಎರಡು ವರ್ಷ ನಾವು ಅವರಿಗೆ ಪ್ರಿಯವಾದುದನ್ನೇ ಮಾಡಿ ಮಾಡಿ ಬಡಿಸಿದ್ದೆವು. ಪ್ರತಿಯೊಂದು ತುತ್ತೂ ಅವರಿಗೆ ಹೋದುದನ್ನೇ ನೆನಪಿಗೆ ತಂದಿರಬೇಕು. ಉಪಕಾರ ಮಾಡುತ್ತಿದ್ದೇವೆಂದು ತಿಳಿದು ಪ್ರತಿದಿನ ಗಾಯವನ್ನು ಮುಟ್ಟುತ್ತಿದ್ದೆವೆಂಬುದು ಆ ಬಟ್ಟಲಿನ ಮುಂದೆ ನಮಗೆ ತಿಳಿಯಿತು.

ತಾಯಿಯವರು ಒಂದು ಬಟ್ಟಲನ್ನು ಮುಗಿಸಿದರು. ‘ರುಚಿ ಏನೆಂದು ಕೇಳಬೇಡ. ಆದರೆ ಬಾಯಿಗೆ ಕೆಲಸ ಸಿಕ್ಕಿತು. ಗರಿಗರಿ ಇದೆ, ಉರಿ ಇದೆ, ಹುಳಿ ಇದೆ, ನಡುವೆ ತಣ್ಣಗೆ ಏನೋ ಸಿಕ್ಕುತ್ತದೆ’ ಎಂದರು. ಇನ್ನರ್ಧ ಬಟ್ಟಲು ಹಾಕಿಸಿಕೊಂಡರು.

ಸಿನಿಮಾದಲ್ಲಿ ಆದಂತೆ ನಮ್ಮ ಮನೆಯಲ್ಲಿ ಆಗಲಿಲ್ಲ. ಹೋದ ಮೂಗು ಒಂದು ಸಾರಿನಿಂದ ಮರಳಲಿಲ್ಲ. ಕಾಫಿಯ ಕಂಪು ಕೆಲವು ದಿನ ‘ಗೋಡೆಯಾಚೆಯಿಂದ ಬಂದಂತೆ’ ತಿಳಿಯುತ್ತದೆ ಎನ್ನುತ್ತಾರೆ. ಕೆಲವು ದಿನ ಅದೂ ಇಲ್ಲ. ಆದರೆ ತಾಯಿಯವರು ಅಡಿಗೆಮನೆಯೊಳಗೆ ಕುಳಿತಿರುತ್ತಾರೆ. ಹಾಲಿಗೆ ಕಾವಲು ಮಗಳದು, ಒಗ್ಗರಣೆಯ ಸದ್ದಿಗೆ ಕಿವಿ ಅವರದು. ತಿಂಗಳಿಗೊಂದು ಭಾನುವಾರ ಮೆಕ್ಸಿಕೋದ ಸಾರು ಆಗುತ್ತದೆ. ರೊಟ್ಟಿಯ ಪಟ್ಟಿಯ ಜೊತೆಗೆ ಅದಕ್ಕೆ ರಾಗಿಮುದ್ದೆಯೂ ಬಂದು ಕೂಡಿದೆ. ಅದು ಅವರ ಅಪ್ಪಣೆ. ಮೆಕ್ಸಿಕೋದವರು ಒಪ್ಪುವರೋ ಇಲ್ಲವೋ ತಿಳಿಯದು. ಮೆಣಸಿನಕಾಯಿಯನ್ನು ಅವರಿಂದ ಪಡೆದಾಗಲೂ ನಾವು ಅವರನ್ನು ಕೇಳಿರಲಿಲ್ಲ.